ಜಹಾಂಗೀರನ ಹೆಸರಿನಲ್ಲಿ

ಬೆಟಗೇರಿ
24 ಜೂನ್ 2024

ಚಿ. ಕಾಂಚನಾಳಿಗೆ ಮಾಮಾನ ಆಶೀರ್ವಾದ.

ಕಾಗದ ನೋಡಿ ಗಾಬರಿಯಾಗಬೇಡ. ನಾನು, ನಿಮ್ಮ ಅತ್ತಿ ಇಬ್ಬರೂ ಗಟ್ಟಿಯಾಗಿದ್ದೇವೆ. ಫೋನ್ ಬಿಟ್ಟು ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಅತ್ತಿ ಶೇಖವ್ವನೇ. ನಿನ್ನ ಫೋನ್ ಬಂದರೆ ಶೇಖವ್ವ ಸ್ಪೀಕರ್ ಹಾಕಿ ಒಲೆಕಟ್ಟೆಯ ಮೇಲೆ ಇಟ್ಟುಬಿಡುತ್ತಾಳೆ. ನೀನು ಬೆಳಗಾವಿಯಲ್ಲಿ ಸೀನಿದರೆ ನಮ್ಮ ಓಣಿಯವರು ನೆಗಡಿಗೆ ಕಷಾಯ ಹೇಳುತ್ತಾರೆ. ಈಗ ಕೇಳಬೇಕಾದ ಮಾತು ಓಣಿಗೆ ಹೋಗುವಂಥದ್ದಲ್ಲ. ನೀನು ಕಾಲೇಜಿನಲ್ಲಿ ಔಷಧಿಯ ಪಾಠ ಹೇಳುವವಳು, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ಜಹಾಂಗೀರನ ವಿಷಯ. ನಮ್ಮ ಶೆಡ್ಡಿನಲ್ಲಿ ನನ್ನ ಎದುರಿನ ಮಗ್ಗ ಅವನದು. ನೀನು ಸಣ್ಣಾಕೆಯಿದ್ದಾಗ ಅವನ ಲಾಳಿ ಬಚ್ಚಿಟ್ಟು ಮಧ್ಯಾಹ್ನದವರೆಗೆ ಹುಡುಕಿಸಿದ್ದೆ. ಅವನಿಗೆ ಕೆಲವು ತಿಂಗಳಿಂದ ಮೂತ್ರದ ತೊಂದರೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಏಳಬೇಕಾದರೆ ಎರಡೂ ಕೈಯೂರಿ ಮೈ ಎತ್ತಬೇಕು. ಹಾಗೆ ಎದ್ದು ಹೋಗಿ ಬಂದು, ಲಾಳಿ ಹಿಡಿಯುವುದರೊಳಗೆ ಮತ್ತೆ ಏಳುತ್ತಾನೆ. ಹೋದರೂ ಪೂರ್ತಿ ಆಗುವುದಿಲ್ಲವಂತೆ, ಬಂದ ಮೇಲೆ ಹನಿಯುತ್ತದಂತೆ. ಬಟ್ಟೆ ಶುದ್ಧವಿರುವುದಿಲ್ಲವೆಂದು ಶುಕ್ರವಾರದ ನಮಾಜಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಕೇಳಿದವರಿಗೆ ಮೊಳಕಾಲು ನೋವು ಎನ್ನುತ್ತಾನೆ. ನನಗೂ ಅದನ್ನೇ ಹೇಳಿದ್ದ. ಮೊಳಕಾಲು ನೋಯುವವನು ಕುಣಿಯಿಂದ ಅಷ್ಟು ಸಲ ಏಳುತ್ತಾನೇನು?

ಡಾಕ್ಟರರು ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಅದರ ಮೇಲೆ ಟ್ಯಾಮ್ಸುಲೋಸಿನ್ ಎಂದು ಬರೆದಿದೆ. ನನ್ನ ಬಿಪಿ ಗುಳಿಗೆಯ ಮೇಲೆ ಪ್ರಾಜೋಸಿನ್ ಎಂದಿದೆ. ಅಂಗಡಿಯವನು ಎರಡೂ ಒಂದೇ ಮನೆತನದವು ಎಂದ. ನಾವು ಎರಡೂ ಗುಳಿಗೆ ಹಾಳೆಗಳನ್ನು ನೇಯ್ದ ಸೆರಗಿನ ಮೇಲೆ ಇಟ್ಟು ನೋಡಿದೆವು. "ಹಂಗಾದ್ರ ನಂದ ನಿನಗ, ನಿಂದ ನನಗ ನಡೀತೈತೇನ ದೇವ್ಯಾ?" ಎಂದು ಜಹಾಂಗೀರ ಕೇಳಿದ. ನನಗೆ ಗೊತ್ತಾಗಲಿಲ್ಲ. ಒಂದೇ ಅಂದರೆ ಎಷ್ಟು ಒಂದೇ? ತಲೆ ತಿರುಗುತ್ತದೆ ಅನ್ನುತ್ತಾರಲ್ಲ, ಅದು ಯಾವುದರಿಂದ?

ತಿಳಿಸಿ ಬರೆ. ಮನೆಗೆ ಬೇಡ, ಶೆಡ್ಡಿನ ವಿಳಾಸಕ್ಕೆ ಹಾಕು.

ದೇವೇಂದ್ರಪ್ಪ

*

ಬೆಳಗಾವಿ
1 ಜುಲೈ 2024

ಪ್ರೀತಿಯ ಮಾಮಾ,

ನಿಮ್ಮ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು. ಬೋರ್ಡಿಂಗ್ ಶಾಲೆಯಲ್ಲಿದ್ದಾಗ ನಿಮ್ಮ ಕಾರ್ಡು ಬಂದರೆ ಸುತ್ತ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುವ ಆ ಕೋಣೆಯಲ್ಲಿ ನಾನೊಬ್ಬಳೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ.

ಅಂಗಡಿಯವರು ಹೇಳಿದ್ದು ಸರಿ. ಎರಡೂ ಒಂದೇ ಮನೆತನದವು, ಆಲ್ಫಾ ಬ್ಲಾಕರ್ ಎನ್ನುತ್ತೇವೆ. ಬಿಗಿದುಕೊಂಡ ಸ್ನಾಯುವನ್ನು ಸಡಿಲ ಮಾಡುವುದು ಇವುಗಳ ಕೆಲಸ. ಆದರೆ ಅಣ್ಣತಮ್ಮಂದಿರು ಬೇರೆ ಬೇರೆ ಸ್ವಭಾವದವರು. ಪ್ರಾಜೋಸಿನ್ ಊರೆಲ್ಲ ತಿರುಗುವವನು. ಮೈಯ ರಕ್ತನಾಳಗಳನ್ನೆಲ್ಲ ಸಡಿಲಿಸುತ್ತಾನೆ, ಹಾಗಾಗಿ ಬಿಪಿ ಇಳಿಯುತ್ತದೆ. ಟ್ಯಾಮ್ಸುಲೋಸಿನ್ ಹೆಚ್ಚಾಗಿ ಒಂದೇ ಬಾಗಿಲು ಕಾಯುವವನು. ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇದೆ. ಗಂಡಸರಿಗೆ ವಯಸ್ಸಾದಂತೆ ಅದು ದಪ್ಪವಾಗಿ ದಾರಿ ಒತ್ತುತ್ತದೆ. ಆ ದಾರಿಯನ್ನು ಅವನು ಸಡಿಲ ಬಿಡುತ್ತಾನೆ. ಬಿಪಿಯ ಮೇಲೆ ಅವನ ಕೈ ಅಷ್ಟಾಗಿ ಇಲ್ಲ, ಹಾಗೆಂದು ಇಲ್ಲವೇ ಇಲ್ಲ ಎಂದೂ ಅಲ್ಲ. ಆದ್ದರಿಂದ ಇವನ ಬದಲು ಅವನು ಎಂದು ನುಂಗುವಂತಿಲ್ಲ. ಇಬ್ಬರೂ ಒಂದೇ ಮೈಗೆ ಇಳಿದರೆ ಕೂತವರು ಏಳುವಾಗ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲಾಗುತ್ತದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವವರಿಗಂತೂ ಇನ್ನಷ್ಟು. ಏಳುವ ಮೊದಲು ಕುಣಿಯ ಅಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ಏಳಬೇಕು.

ಹೋದ ವಾರ ಅತ್ತಿ ಫೋನಿನಲ್ಲಿ ಒಂದು ಮಾತು ಹೇಳಿದರು. ನೀವು ಕುಣಿಯಿಂದ ಎದ್ದವರು ಕಣ್ಣು ಕತ್ತಲಾಗಿ ಮಗ್ಗದ ಕಂಬ ಹಿಡಿದು ನಿಂತಿರಂತೆ. ಅದನ್ನು ನಿಮ್ಮ ಕಾಗದದಲ್ಲಿ ಹುಡುಕಿದೆ, ಸಿಗಲಿಲ್ಲ.

ಅದಕ್ಕೇ ಜಹಾಂಗೀರ ಕಾಕಾಗೆ ಹೇಳಿ: ಸದ್ಯ ಕ್ಯಾಪ್ಸೂಲ್ ಬದಿಗಿಡಲಿ. ಎರಡೂ ಹಾಳೆಗಳನ್ನು ಹಿಡಿದು ಡಾಕ್ಟರರ ಬಳಿ ಹೋಗಲಿ. ಬಿಪಿ ಗುಳಿಗೆ ಮಾತ್ರ ಬಿಡುವುದು ಬೇಡ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ ಎಂದೂ ಹೇಳಿ. ಜಹಾಂಗೀರ ಕಾಕಾನನ್ನು ನಾನು ಬಹಳ ವರ್ಷದಿಂದ ಬಲ್ಲೆ. ನಮ್ಮ ಮನೆಯಲ್ಲಿ ಎರಡನೆಯ ಹೋಳಿಗೆ ಬೇಕಾಗುತ್ತಿದ್ದುದು ಯಾವಾಗಲೂ ಅವರಿಗೇ. ನಿಮ್ಮ ಕಿಸೆಯಲ್ಲಿ ಅತ್ತಿಗೆ ಸಿಕ್ಕ ತಂಬಾಕೂ ಅವರದೇ.

ನಿಮ್ಮ
ಕಾಂಚನಾ

*

ಬೆಟಗೇರಿ
11 ಜುಲೈ 2024

ಚಿ. ಕಾಂಚನಾ,

ನಿನ್ನ ಕಾಗದವನ್ನು ಮಗ್ಗ ನಿಲ್ಲಿಸಿ ಓದಿ ಹೇಳಿದೆ. ಅಣ್ಣತಮ್ಮಂದಿರ ಮಾತು ಜಹಾಂಗೀರನಿಗೆ ಬಹಳ ಹಿಡಿಸಿತು. ಹೋಳಿಗೆ, ತಂಬಾಕಿನ ಸಾಲುಗಳನ್ನು ಬಿಟ್ಟು ಓದಿದೆ. ಮೂವತ್ತು ವರ್ಷದ ಹಿಂದಿನ ತಂಬಾಕನ್ನು ಈಗೇಕೆ ತೆಗೆದೆಯೋ ತಿಳಿಯಲಿಲ್ಲ. ಅತ್ತಿಯ ಮುಂದೆ ಆ ಮಾತು ಬೇಡ.

ನೀನು ಹೇಳಿದಂತೆ ಅವನು ಕ್ಯಾಪ್ಸೂಲ್ ಬದಿಗಿಟ್ಟ. ಹಾಳೆಯನ್ನು ಮಗ್ಗದ ತೊಲೆಯ ಸಂದಿನಲ್ಲಿ ಸಿಕ್ಕಿಸಿದ್ದಾನೆ. ಡಾಕ್ಟರರ ಬಳಿ ಹೋಗೋಣ ಎಂದರೆ, ಮಗ್ಗದ ಮೇಲಿನ ಸೀರೆ ಇಳಿಯಲಿ ಎನ್ನುತ್ತಾನೆ. ಶಿರಹಟ್ಟಿಯವರದು ಮದುವೆ ಸೀರೆ, ಅರ್ಧಕ್ಕೆ ಬಿಡುವಂತಿಲ್ಲ. ಈಗ ಮೊದಲಿನಷ್ಟು ಸಲ ಏಳುವುದಿಲ್ಲ. ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿಟ್ಟುಬಿಟ್ಟಿದ್ದಾನೆ. ಕುಡಿದರಲ್ಲವೇ ಏಳುವುದು ಎಂಬ ಲೆಕ್ಕ ಅವನದು. ಬಂದರೂ ತಡೆದುಕೊಂಡು ಒಂದು ಗೇಣು ನೇಯ್ದೇ ಏಳುತ್ತಾನೆ.

ನಾನು ಕಂಬ ಹಿಡಿದದ್ದು ಒಂದೇ ದಿನ. ಆ ಮಾತು ಬಿಡು.

ದೇವೇಂದ್ರಪ್ಪ

*

ಬೆಳಗಾವಿ
19 ಜುಲೈ 2024

ಪ್ರೀತಿಯ ಮಾಮಾ,

"ಆ ಮಾತು ಬಿಡು" ಎಂದಿದ್ದೀರಿ, ಬಿಟ್ಟಿದ್ದೇನೆ. ಕ್ಯಾಪ್ಸೂಲ್ ಬದಿಗಿಟ್ಟದ್ದು ಓದಿ ಸಮಾಧಾನವಾಯಿತು. ಇನ್ನು ಕಂಬ ಹಿಡಿಯುವ ಪ್ರಸಂಗ ಬರಲಾರದು.

ಆದರೆ ನೀರು ಬಿಡುವುದು ಸರಿಯಲ್ಲ. ತಡೆಹಿಡಿಯುವುದಂತೂ ಬೇಡವೇ ಬೇಡ. ಮದುವೆ ಸೀರೆ ಒಂದು ದಿನ ತಡವಾದರೆ ಶಿರಹಟ್ಟಿಯ ಮದುಮಗಳು ಕೋಪಿಸಿಕೊಳ್ಳುವುದಿಲ್ಲ. ಡಾಕ್ಟರರ ಬಳಿ ಈ ವಾರವೇ ಹೋಗಲಿ.

ಒಂದು ಯೋಚನೆ ಬಂತು, ಹೇಳಲೇ? ತರಗತಿಯಲ್ಲಿ ಈ ವಿಷಯವನ್ನು ನಾನು ಯಾವ ಸಂಕೋಚವೂ ಇಲ್ಲದೆ ಪಾಠ ಮಾಡುತ್ತೇನೆ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಆ ಪದಗಳಿಗೆ ಮೈಯಿಲ್ಲ, ವಯಸ್ಸಿಲ್ಲ, ಅವು ಯಾರ ಮಾವನೂ ಅಲ್ಲ. ಅದನ್ನೇ ನಿಮಗೆ ಕನ್ನಡದಲ್ಲಿ ಬರೆಯಲು ಕೂತರೆ ಪೆನ್ನು ನಿಲ್ಲುತ್ತದೆ. ಹಾಗಿರುವಾಗ ನಿಮ್ಮ ವಯಸ್ಸಿನವರಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವಿರಬೇಕು. ಆದರೂ ಯಾವತ್ತಾದರೂ ಒಂದು ದಿನ ಈ ಮಾತನ್ನು ಜಹಾಂಗೀರ ಕಾಕಾನ ಬಾಯಿಂದಲೇ ಕೇಳಬೇಕೆಂದು ನನಗೆ ಆಸೆ. ನಾನು ನಗುವುದಿಲ್ಲ ಎಂದು ಅವರಿಗೆ ಹೇಳಿ.

ನಿಮ್ಮ
ಕಾಂಚನಾ

*

ಬೆಳಗಾವಿ
5 ಆಗಸ್ಟ್ 2024

ಮಾಮಾ,

ಉತ್ತರ ಬರಲಿಲ್ಲ. ಅತ್ತಿಗೆ ಫೋನ್ ಮಾಡಿದರೆ "ಮಗ್ಗದ ಮ್ಯಾಲ ಅದಾರ, ಆರಾಮ ಅದಾರ" ಎಂದರು. ಧ್ವನಿ ಯಾಕೋ ಎಂದಿನಂತಿರಲಿಲ್ಲ. ಹಿಂದೆ ಲಾಳಿಯ ಸದ್ದೂ ಕೇಳಲಿಲ್ಲ. ನನ್ನ ತಮಾಷೆಯಿಂದ ಬೇಸರವಾಯಿತೆ? ಎರಡು ಸಾಲು ಬರೆಯಿರಿ.

ಕಾಂಚನಾ

*

ಗದಗ
8 ಆಗಸ್ಟ್ 2024

ಕಾಂಚನಾ,

ಇದನ್ನು ದವಾಖಾನೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನಗೆ ಬೇಸರದಿಂದ ಬರೆಯದೇ ಇದ್ದದ್ದಲ್ಲ.

ಹೋದ ವಾರ ಜಹಾಂಗೀರನಿಗೆ ಮೂತ್ರ ಕಟ್ಟಿತು. ಬೆಳಗ್ಗೆಯಿಂದ ಒಂದು ಹನಿ ಇಲ್ಲ, ಹೊಟ್ಟೆ ಕಲ್ಲಿನ ಹಾಗೆ. ಅಂಥ ನೋವಿನಲ್ಲೂ ಸೀರೆ ಇನ್ನೊಂದು ಮೊಳ ಉಳಿದಿದೆ ಎನ್ನುತ್ತಿದ್ದ. ನಾನೇ ಕುಣಿಗೆ ಇಳಿದು ಕಂಕುಳಿಗೆ ಕೈ ಹಾಕಿ ಎತ್ತಿದೆ. ಆಟೋದಲ್ಲಿ ಗದಗಿಗೆ ತಂದೆವು. ನಳಿಕೆ ಹಾಕಿ ತೆಗೆದ ಮೇಲೆ ಜೀವ ಬಂದಂತಾಯಿತು. ನಳಿಕೆ ಇನ್ನೂ ಇದೆ. ಸೋಂಕಾಗಿ ಜ್ವರವೂ ಬಂದಿದೆ. ತಡೆದು ತಡೆದು ಹೀಗಾಯಿತು, ಗುಳಿಗೆ ಬಿಟ್ಟದ್ದೂ ಸೇರಿಕೊಂಡಿತು ಎಂದರು ಡಾಕ್ಟರರು.

ಮಗಳು ನಸ್ರೀನ ಲಕ್ಷ್ಮೇಶ್ವರದಿಂದ ಸಿಕ್ಕ ಬಸ್ಸು ಹತ್ತಿ ಬಂದಳು. ಡಾಕ್ಟರರ ಮಾತು ಕೇಳಿದವಳೇ ನನ್ನ ಕಡೆ ತಿರುಗಿ, "ಗುಳಿಗಿ ಬಿಡ್ರಿ ಅಂತ ಅಬ್ಬಾಗ ಯಾರ ಹೇಳಿದ್ರು?" ಎಂದಳು. ನಾನೇ ಹೇಳಿದೆ ಎಂದೆ. ಆವತ್ತಿನಿಂದ ನನ್ನೊಡನೆ ಮಾತಾಡಿಲ್ಲ. ಮಾತಾಡದಿದ್ದರೂ ಊಟದ ಡಬ್ಬಿಯಲ್ಲಿ ನನ್ನ ಪಾಲೂ ಇರುತ್ತದೆ.

ನೀನು ಫೋನ್ ಮಾಡಬೇಡ. ನಿನ್ನ ಹೆಸರು ಜಹಾಂಗೀರನನ್ನು ಬಿಟ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನಾನು ಕೇಳಿದ್ದರಲ್ಲೇ ಏನೋ ತಪ್ಪಿತ್ತೇನೋ.

ದೇವೇಂದ್ರಪ್ಪ

*

ಬೆಳಗಾವಿ
12 ಆಗಸ್ಟ್ 2024

ಮಾಮಾ,

ನೀವು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನೀವು ಅವರದು ಇದು, ನನ್ನದು ಇದು ಎಂದು ಬಿಡಿಸಿ ಬರೆದಿದ್ದಿರಿ. ನಾನು ಓದಲಿಲ್ಲ.

ಜಹಾಂಗೀರ ಕಾಕಾ ಎಂದರೆ ನೀವೇ ಎಂದುಕೊಂಡಿದ್ದೆ. ನಾಚಿಕೆಗೆ ನಿಮ್ಮ ತೊಂದರೆಯನ್ನು ಅವರ ಹೆಸರಿನಲ್ಲಿ ಕೇಳುತ್ತಿದ್ದೀರಿ ಎಂದು ಮೊದಲ ಪುಟಕ್ಕೇ ತೀರ್ಮಾನ ಮಾಡಿಬಿಟ್ಟೆ. ಹಿಂದೆ ಅವರ ಹೆಸರು ಹೇಳಿ ಕೇಳುತ್ತಿದ್ದ ಎರಡನೆಯ ಹೋಳಿಗೆಯ ಹಾಗೆ, ತಂಬಾಕಿನ ಹಾಗೆ. ನೀವು ಕಂಬ ಹಿಡಿದದ್ದನ್ನು ಅತ್ತಿಯಿಂದ ಕೇಳಿದ್ದೆ, ಅದನ್ನು ನೀವು ಮುಚ್ಚಿಟ್ಟಿರಿ. ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಎರಡೂ ಗುಳಿಗೆ ನಿಮ್ಮ ಹೊಟ್ಟೆಗೇ ಹೋಗುತ್ತಿವೆ, ಒಂದನ್ನು ನಿಲ್ಲಿಸಿದರೆ ನೀವು ಬೀಳುವುದು ತಪ್ಪುತ್ತದೆ ಎಂದುಕೊಂಡೆ. ನಿಜವಾದ ಜಹಾಂಗೀರ ಕಾಕಾ, ಬಿಪಿಯೇ ಇಲ್ಲದ ಮನುಷ್ಯ, ನನ್ನ ಮಾತು ನಂಬಿ ತಮಗೆ ಬೇಕಿದ್ದ ಒಂದೇ ಗುಳಿಗೆಯನ್ನು ತೊಲೆಗೆ ಸಿಕ್ಕಿಸಿದರು.

ಕಾಗದ ಬಂದಾಗಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ನೀವೇ ಆಗಿದ್ದಿದ್ದರೆ ನಾನು ಬರೆದದ್ದು ಸರಿಯಾಗುತ್ತಿತ್ತೆ? ಇಲ್ಲ. ಆಗಲೂ ಡಾಕ್ಟರರು ಕೊಟ್ಟದ್ದನ್ನು ನೂರೈವತ್ತು ಕಿಲೋಮೀಟರ್ ದೂರದಲ್ಲಿ ಕೂತು ಕಾಗದದ ಮೇಲೆ ನಿಲ್ಲಿಸುವ ಅಧಿಕಾರ ನನಗಿರಲಿಲ್ಲ. "ಹೋಗಿ ಕೇಳಿ, ಅಲ್ಲಿಯವರೆಗೆ ಇದ್ದಂತೆ ಇರಲಿ, ತಲೆ ತಿರುಗಿದರೆ ಅಂದೇ ಹೋಗಿ" ಎಂದಷ್ಟೇ ಬರೆಯಬೇಕಿತ್ತು. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ನಿಮ್ಮನ್ನು ನಿಮಗಿಂತ ಚೆನ್ನಾಗಿ ಬಲ್ಲೆ ಎಂಬ ಸಂತೋಷದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಕೇಳಲಿಲ್ಲ: ಮಾಮಾ, ಇದು ಯಾರಿಗೆ?

ಭಾನುವಾರ ಬರುತ್ತೇನೆ. ನಸ್ರೀನಳಿಗೆ ನಾನೇ ಹೇಳಬೇಕು. ನನ್ನ ಪರವಾಗಿ ಇನ್ನೊಂದು ದಿನವೂ ನೀವು ಅವಳ ಮೌನ ಉಣ್ಣಬಾರದು. ಬೇಡವೆಂದು ಬರೆಯಬೇಡಿ, ಆ ಕಾಗದ ತಲುಪುವ ಮೊದಲು ನಾನು ಬಸ್ಸಿನಲ್ಲಿರುತ್ತೇನೆ.

ಇನ್ನೂ ಒಂದು. ನಿಮ್ಮ ಬಿಪಿ ಗುಳಿಗೆ ಮೂರು ವರ್ಷದಿಂದ ಅದೇ. ಅದರಿಂದ ಹಿಂದೆ ಎಂದೂ ತಲೆ ತಿರುಗಿಲ್ಲ. ಹಾಗಾದರೆ ಅವತ್ತು ಕಂಬ ಹಿಡಿದದ್ದು ಯಾಕೆ? ಈ ಸಲ ನಾನು ಊಹಿಸುವುದಿಲ್ಲ, ಕೇಳುತ್ತಿದ್ದೇನೆ.

ಕಾಂಚನಾ

*

ಬೆಟಗೇರಿ
27 ಆಗಸ್ಟ್ 2024

ಚಿ. ಕಾಂಚನಾ,

ನೀನು ಬಂದು ಹೋದ ಮೇಲೆ ಜಹಾಂಗೀರನ ನಳಿಕೆ ತೆಗೆದರು. ತಾನಾಗಿಯೇ ಆಗುತ್ತಿದೆ. ಜ್ವರ ಇಳಿದಿದೆ. ಕ್ಯಾಪ್ಸೂಲ್ ಮತ್ತೆ ಶುರುವಾಗಿದೆ, ರಾತ್ರಿ ಊಟವಾದ ಮೇಲೆ ಒಂದು.

ನೀನು ವಾರ್ಡಿನಲ್ಲಿ ನಸ್ರೀನಳ ಮುಂದೆ ನಿಂತು ಎಲ್ಲ ಹೇಳುವಾಗ ನನಗೆ ನೆಲ ನೋಡುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಅವಳು ಥರ್ಮಾಸಿನಿಂದ ನಿನಗೆ ಚಹಾ ಬಗ್ಗಿಸಿದ್ದು ನೋಡಿ ಉಸಿರು ಬಿಟ್ಟೆ. ನಿನ್ನನ್ನು ಬಸ್ಸಿಗೆ ಕಳಿಸಲು ಹೋದಾಗ ಅವಳು ನಿನಗೆ ಅಂದದ್ದನ್ನೇ ತಿರುಗಿ ಬಂದು ನನಗೂ ಅಂದಳು: "ಇನ್ನ ಮ್ಯಾಲ ಅಕ್ಕಾರು ನನಗ ಫೋನ್ ಮಾಡ್ಲಿ. ಅಬ್ಬಾಂದೂ ನಿಮ್ದೂ ಇಬ್ರ ಮಾತೂ ನಂಬೂವಂಗಿಲ್ಲ." ನನ್ನೊಡನೆ ಅವಳು ಆಡಿದ ಮೊದಲ ಮಾತು ಅದು. ಬೈಗುಳವಾದರೂ ಸಿಹಿಯಾಗಿತ್ತು.

ಜಹಾಂಗೀರನಿಗೆ ಪೂರ್ತಿ ಕಥೆ ಗೊತ್ತಾದದ್ದು ನೀನು ಹೋದ ಮೇಲೆ. ನೀನು ಅವನನ್ನು ನಾನೇ ಎಂದು ತಿಳಿದಿದ್ದೆ ಎಂದೆ. ಮಗ್ಗುಲು ಬದಲಿಸಿ ನನ್ನ ಮುಖ ನೋಡಿದ. ಆಮೇಲೆ, "ಇಷ್ಟ ವರ್ಷ ಬಾಳೇವು ಮಾಡಿ, ಕಡೀಕ ನಾ ಇಲ್ಲ ಅಂದ್ಲಲ್ಲೋ ನಿನ್ನ ಸೊಸಿ" ಎಂದು ನಗತೊಡಗಿದ. ನಕ್ಕರೆ ನೋವಾಗುತ್ತದೆ ಎಂದು ನರ್ಸಬಾಯಿ ಗದರಿಸಿದರೂ ನಿಲ್ಲಿಸಲಿಲ್ಲ.

ಈಗ ನೀನು ಕೇಳಿದ್ದಕ್ಕೆ ಉತ್ತರ. ನೀನು ಬಂದಾಗ ಶೇಖವ್ವ ಪಕ್ಕದಲ್ಲೇ ಇದ್ದಳು, ಹೇಳಲಾಗಲಿಲ್ಲ. ನಮ್ಮಲ್ಲಿ ಹೊಸ ಬಣ್ಣದ ನೂಲು ಬಂದರೆ ಅದನ್ನು ನೇರ ಸೀರೆಗೆ ಹಾಕುವುದಿಲ್ಲ. ಹಾಸಿನ ಎಳೆಗಳ ಕೊನೆಯಲ್ಲಿ ಕತ್ತರಿಸಿ ಒಗೆಯುವ ತುಂಡಿನಲ್ಲಿ ಬೆರಳಗಲ ನೇಯ್ದು, ನೀರು ಹಾಕಿ, ಬಣ್ಣ ಬಿಡುತ್ತದೆಯೋ ಎಂದು ನೋಡುತ್ತೇವೆ. ಜಹಾಂಗೀರನಿಗೆ ಕ್ಯಾಪ್ಸೂಲ್ ನುಂಗಲು ಅಂಜಿಕೆ. ಹನಿಯುವುದು ಇನ್ನೂ ಹೆಚ್ಚಾದರೆ ಎಂದು. ಮೂರು ದಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದ. ನಾನು, ತಾ ಇಲ್ಲಿ ಎಂದು ಒಂದನ್ನು ನುಂಗಿ ತೋರಿಸಿದೆ. ಅವನು ಸೀರೆ, ನಾನು ತುಂಡು. ಅವತ್ತೇ ಕಂಬ ಹಿಡಿದದ್ದು. ಬಣ್ಣ ಬಿಡಲಿಲ್ಲ, ಏನೂ ಆಗಲಿಲ್ಲ ಎಂದು ಅವನಿಗೆ ಹೇಳಿದೆ. ಅದನ್ನು ನಂಬಿ ಅವನು ಶುರು ಮಾಡಿದ. ನಾನು ಮಾತ್ರ ಒಳಗೊಳಗೇ ಹೆದರಿ ನಿನಗೆ ಆ ಮೊದಲ ಕಾಗದ ಬರೆದೆ.

ಎರಡೂ ಒಂದೇ ಮೈಗೆ ಇಳಿದರೆ ಎಂದು ನೀನು ಬರೆದಾಗ, ಇವಳಿಗೆ ಹೇಗೆ ಗೊತ್ತಾಯಿತು ಎಂದು ನಾಚಿ ಸುಮ್ಮನಾದೆ. ಆಗಲೇ ಹೇಳಿದ್ದರೆ ನೀನು ದಾರಿ ತಪ್ಪುತ್ತಿರಲಿಲ್ಲ. ಅರ್ಧ ನನ್ನದೂ ಇದೆ, ಎಲ್ಲವನ್ನೂ ನೀನೊಬ್ಬಳೇ ಹೊರಬೇಡ.

ಶಿರಹಟ್ಟಿಯ ಸೀರೆಯ ಉಳಿದ ಮೊಳವನ್ನು ನಾನು ನೇಯ್ದೆ. ನೂಲು ಬಿಗಿಯುವ ಅವನ ಏಟು ಬೇರೆ, ನನ್ನ ಏಟು ಬೇರೆ. ಗೊತ್ತಿದ್ದವರು ನೋಡಿದರೆ ಎಲ್ಲಿಂದ ಕೈ ಬದಲಾಯಿತೆಂದು ಹೇಳುತ್ತಾರೆ.

ದೇವೇಂದ್ರಪ್ಪ

*

ಬೆಟಗೇರಿ
3 ಅಕ್ಟೋಬರ್ 2024

ಕಾಂಚವ್ವಗ,

ನಾ ಜಹಾಂಗೀರ. ಖರೇನ ಅದೀನಿ.

ಸಾಲಿ ಬಿಟ್ಟ ಮ್ಯಾಲ ಇಷ್ಟುದ್ದ ಬರಿಯೂದು ಇದ ಮೊದಲ. ದೇವ್ಯಾ ನಾ ಬರದ ಕೊಡ್ತೀನಿ ಅಂದ. ಬ್ಯಾಡ ಮಾರಾಯಾ, ನೀ ಬರದದ್ದು ಸಾಕು ಅಂದ್ನಿ.

ಈಗ ಆರಾಮ ಅದೀನಿ. ಎರಡ ಶುಕ್ರವಾರ ನಮಾಜಿಗೆ ಹೋಗಿ ಬಂದ್ನಿ. ಕೈಕಾಲ ಮಾರಿ ತೊಳದು ವಜೂ ಮಾಡಿ ನಿಂತ್ರ ನಮಾಜ ಮುಗಿಯೂತನಾ ಚಿಂತಿ ಇಲ್ಲ. ಮೊಳಕಾಲ ಹೆಂಗೈತಿ ಅಂತ ಎಲ್ಲಾರೂ ಕೇಳಿದ್ರು. ನೆಟ್ಟಗಾತು ಅಂದ್ನಿ. ಮಗ್ಗದಾಗಿಂದ ಏಳೂ ಮುಂದ ನೀ ಹೇಳಿದಂಗ ಕುಣಿ ಅಂಚಿನ ಮ್ಯಾಲ ಕುಂದರ್ತೀವಿ. ಇತ್ಲಾಗ ನಾ, ಅತ್ಲಾಗ ಅಂವ. ಬಂದವರು ಇವರು ಮಗ್ಗ ಬಿಟ್ಟು ಏನ ವಿಚಾರ ಮಾಡಾಕ ಹತ್ಯಾರ ಅಂತ ನೋಡ್ತಾರ.

ಈಗ ಒಂದ ಮಾತ ಕೇಳ್ತೀನಿ. ನನ್ನ ಬಲಗಣ್ಣಿಗೆ ಪೊರಿ ಬಂದೈತಿ. ಹರಿದ ಎಳಿ ಕೂಡಿಸೂದು ಆಗವಲ್ದು. ದೀಪಾವಳಿ ಆದ ಮ್ಯಾಲ ಆಪರೇಶನ್ ಮಾಡ್ತಾರ. ಏನೇನ ಗುಳಿಗಿ ತಗೋತೀರಿ ಅಂತ ಕಣ್ಣಿನ ಡಾಕ್ಟರ ಕೇಳಿದ್ರು. ಬಿಪಿ ಇಲ್ಲ, ಸಕ್ಕರಿ ಇಲ್ಲ, ಏನೂ ಇಲ್ಲ ಅಂದ್ನಿ. ಈ ಕ್ಯಾಪ್ಸೂಲಿಂದು ಹೇಳಲಿಲ್ಲ. ಅಲ್ಲಿ ಹೆಣ್ಣಮಕ್ಕಳಿದ್ರು, ಬಾಯಿ ಬರಲಿಲ್ಲ. ಕೆಳಗಿನ ಗುಳಿಗಿಗೂ ಮ್ಯಾಲಿನ ಕಣ್ಣಿಗೂ ಏನ ಸಂಬಂಧಲೇ ಅಂತಾನ ದೇವ್ಯಾ. ನನಗ್ಯಾಕೋ ಮನಸ್ಸಿಗೆ ಸಮಾಧಾನ ಇಲ್ಲ. ಹೇಳಬೇಕೇನ?

ಇದು ನನ್ನ ಮಾತ. ಕೇಳಾವ ನಾನ. ದೇವ್ಯಾ ಅಲ್ಲ.

ಜಹಾಂಗೀರ

*

ಬೆಳಗಾವಿ
7 ಅಕ್ಟೋಬರ್ 2024

ಜಹಾಂಗೀರ ಕಾಕಾ,

ನಿಮ್ಮ ಕಾಗದ ಬಂತು. ನಿಮಗೆ ಹೀಗಾದ ಮೇಲೂ ನೀವು ನನ್ನನ್ನೇ ಕೇಳಿದಿರಿ. ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ ನಿನ್ನೆ ಎರಡು ಹಾಳೆ ಹರಿದೆ. ಇವತ್ತು ನೀವು ಕೇಳಿದ್ದಕ್ಕಷ್ಟೇ ಉತ್ತರ ಬರೆಯುತ್ತೇನೆ.

ಹೌದು, ಹೇಳಲೇಬೇಕು. ಮಾಮಾನ ಮಾತು ಕೇಳಬೇಡಿ, ಸಂಬಂಧವಿದೆ. ಕಣ್ಣಿನ ಕರಿಗುಡ್ಡೆಯ ಸುತ್ತ ಒಂದು ತೆಳುವಾದ ಪರದೆ ಇರುತ್ತದೆ. ಪೊರೆ ತೆಗೆಯುವಾಗ ಅದು ಬಿಗಿಯಾಗಿ ಬದಿಗೆ ಸರಿದು ನಿಲ್ಲಬೇಕು. ನಿಮ್ಮ ಕ್ಯಾಪ್ಸೂಲ್ ಕೆಳಗಿನ ದಾರಿ ಸಡಿಲಿಸುವ ಹಾಗೆಯೇ ಆ ಪರದೆಯನ್ನೂ ಸಡಿಲ ಬಿಡುತ್ತದೆ. ಎಳೆದು ಕಟ್ಟದ ಹಾಸಿನ ಹಾಗೆ ಅದು ಮಧ್ಯದಲ್ಲಿ ಅಲೆಯುತ್ತದೆ. ಮೊದಲೇ ಗೊತ್ತಿದ್ದರೆ ಡಾಕ್ಟರರು ಅದಕ್ಕೆ ತಕ್ಕ ತಯಾರಿ ಮಾಡಿಕೊಳ್ಳುತ್ತಾರೆ, ಆಪರೇಶನ್ ಚೆನ್ನಾಗಿಯೇ ಆಗುತ್ತದೆ. ಗೊತ್ತಿಲ್ಲದೆ ಕೈ ಹಾಕಿದರೆ ಕಣ್ಣಿಗೆ ತೊಂದರೆಯಾಗಬಹುದು. ಗುಳಿಗೆ ಬಿಟ್ಟು ಬಹಳ ದಿನವಾಗಿದ್ದರೂ ಈ ಮಾತು ಹೇಳಬೇಕು.

ದೀಪಾವಳಿಯವರೆಗೆ ಕಾಯಬೇಡಿ, ಈ ವಾರವೇ ಹೋಗಿ. ಬಾಯಿ ಬರದಿದ್ದರೆ ಏನೂ ಹೇಳಬೇಡಿ. ಕ್ಯಾಪ್ಸೂಲಿನ ಹಾಳೆಯನ್ನು ಡಾಕ್ಟರರ ಮೇಜಿನ ಮೇಲೆ ಇಡಿ, ಅದರ ಮೇಲೆ ಹೆಸರಿದೆ. ಉಳಿದದ್ದನ್ನು ಅವರು ಓದಿಕೊಳ್ಳುತ್ತಾರೆ. ನಸ್ರೀನಳನ್ನು ಜೊತೆಗೆ ಕರೆದುಕೊಂಡು ಹೋಗುವುದೂ ಬಿಡುವುದೂ ನಿಮ್ಮ ಇಷ್ಟ. ನಿಮ್ಮನ್ನು ಕೇಳದೆ ನಾನು ಅವಳಿಗೂ ಹೇಳುವುದಿಲ್ಲ.

ಕ್ಯಾಪ್ಸೂಲನ್ನು ಮಾತ್ರ ಡಾಕ್ಟರರು ಹೇಳುವವರೆಗೆ ನಿಲ್ಲಿಸಬೇಡಿ. ನಾನು ಹೇಳಿದರೂ ನಿಲ್ಲಿಸಬೇಡಿ.

ನಿಮ್ಮ ಲಾಳಿ ಬಚ್ಚಿಟ್ಟವಳು,
ಕಾಂಚನಾ